ಒಂದು ಹಳೆಯ ಜಾವಾದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮಗೆ ದೇವಸ್ಥಾನಗಳ ಸಂಬಂಧದಲ್ಲಿ ಪರಿಚಿತವಾದುದು. ಊರಿನ ಹಿರಿಯರು ಕೂಡಿ ಹಣ ಸೇರಿಸಿ, ಸೋರುವ ಮಾಳಿಗೆಗೆ ಗಾರೆ ಹಾಕಿಸುತ್ತಾರೆ. ವಾಲಿದ ಕಂಬವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಇದು ನಿಜವಾದ ಜೀರ್ಣೋದ್ಧಾರ. ಇನ್ನು ಕೆಲವು ಕಡೆ ಕಲ್ಲಿನ ಕಂಬಗಳಿಗೆಲ್ಲ ಎಣ್ಣೆಬಣ್ಣ ಬಳಿದು, ಹಳೆಯ ಚಪ್ಪಡಿಯನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಸಿ, ಅದಕ್ಕೂ ಜೀರ್ಣೋದ್ಧಾರವೆಂದೇ ಹೆಸರಿಟ್ಟು ಫಲಕ ನೆಡುವುದುಂಟು. ಈ ಎರಡು ಕೆಲಸಗಳಿಗೂ ಇರುವ ಅಂತರವು ಯಂತ್ರಗಳ ವಿಷಯದಲ್ಲಿಯೂ ಅಷ್ಟೇ ದೊಡ್ಡದು. ಅದನ್ನು ನಮ್ಮ ಮನೆಯ ಒಂದು ಮೋಟಾರ್ ಸೈಕಲ್ಲಿನ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಪಿಸ್ಟನ್ನು, ಕಾರ್ಬುರೇಟರುಗಳ ಗೊಡವೆ ಏಕೆಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ನಾನು ಇತಿಹಾಸದ ವಿದ್ಯಾರ್ಥಿ. ಊಹೆಗೆ ಮೊದಲು ಆಧಾರವನ್ನು ನೋಡಬೇಕು, ಆಧಾರದ ಮೇಲೆ ಯಾರ ಯಾರ ಕೈ ಆಡಿದೆಯೆಂಬುದನ್ನು ವಿಚಾರಿಸಬೇಕು ಎಂದು ನಮಗೆ ತರಗತಿಯಲ್ಲಿ ಹೇಳಿಕೊಡುತ್ತಾರೆ. ಅದೇ ಮಾತನ್ನು ಕೊಟ್ಟಿಗೆಯಲ್ಲಿ, ಕೈತುಂಬ ಗ್ರೀಸು ಮೆತ್ತಿಕೊಂಡು ಕಲಿಯುವ ಅವಕಾಶ ನನಗೆ ದೊರೆಯಿತು. ಆದುದರಿಂದ ಈ ಬರವಣಿಗೆ ತೀರ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮೊದಲಿಗೆ ಯಂತ್ರದ ವಂಶಾವಳಿ. ಜಾವಾ ಎಂಬುದಕ್ಕೂ ಆ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡನು. ಅವನ ಹೆಸರಿನ ಮೊದಲ ಎರಡಕ್ಷರ, ಕಂಪನಿಯ ಹೆಸರಿನ ಮೊದಲ ಎರಡಕ್ಷರ ಕೂಡಿ ಜಾವಾ ಆಯಿತು. ನಮ್ಮ ದೇಶಕ್ಕೆ ಮೊದಲು ಇವು ಹಡಗಿನಲ್ಲಿ ಬರುತ್ತಿದ್ದವು. ಮುಂಬಯಿಯ ಇರಾನಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರವರು ಅದನ್ನು ಉದ್ಘಾಟಿಸಿದರು. 1961ರಿಂದ ಇಲ್ಲಿಯೇ ಗಾಡಿಗಳು ತಯಾರಾಗತೊಡಗಿದವು. 1970ರ ದಶಕದ ಮೊದಲ ಭಾಗದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರಿನಲ್ಲಿ 2018ರಲ್ಲಿ ಬೇರೊಂದು ಸಂಸ್ಥೆ ಹೊಸ ಗಾಡಿಗಳನ್ನು ಹೊರತಂದಿತು. ಅವು ನಾಲ್ಕು ಹೊಡೆತದ ಇಂಜಿನ್ನಿನವು. ಹಳೆಯದರ ಚಹರೆ ಉಂಟು, ಒಳಗಿನ ಕೆಲಸ ಬೇರೆ. ನಮ್ಮ ಚರ್ಚೆಗೆ ಅವು ಬರುವುದಿಲ್ಲ.

ನಮ್ಮ ದೊಡ್ಡಪ್ಪನವರು 1974ರಿಂದ ಬಾಗಿಲು ಮುಚ್ಚುವವರೆಗೆ ಆ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ವಿಭಾಗದಲ್ಲಿದ್ದರು. 1969ರಲ್ಲಿ ತಯಾರಾದ ಒಂದು ಜಾವಾ 250ನ್ನು ಅವರು 1981ರಲ್ಲಿ ಎರಡನೆಯ ಕೈಯಾಗಿ ಕೊಂಡರು. ಅದರ ಫಲಕದ ಮೇಲೆ ಇಂದಿಗೂ ಮೈಸೂರು ರಾಜ್ಯದ ಕಾಲದ 'ಎಂ ವೈ' ಎಂಬ ಅಕ್ಷರಗಳೇ ಇವೆ. 2006ರಲ್ಲಿ ಅದು ನಿಂತಿತು. ಆಮೇಲೆ ಹದಿನೆಂಟು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲಿನ ಹೊರೆಯ ಹಿಂದೆ, ಹಳೆಯ ಗೋಣಿತಾಟು ಹೊದ್ದುಕೊಂಡಿತ್ತು. ಕಳೆದ ವರ್ಷ ಕೊಟ್ಟಿಗೆಯನ್ನು ಕೆಡವಿ ಅಲ್ಲಿ ಎರಡು ಕೋಣೆ ಕಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಗುಜರಿಯವನು ಬಂದು ಕಬ್ಬಿಣದ ತೂಕಕ್ಕೆ ಬೆಲೆ ಹೇಳಿದ. ಯುಗಾದಿಯೊಳಗೆ ಗಾಡಿ ತನ್ನ ಕಾಲ ಮೇಲೆ ಹೊರಟರೆ ಸರಿ, ಇಲ್ಲವಾದರೆ ಅವನಿಗೆ ಕೊಡುವುದೆಂದು ನನ್ನ ತಂದೆಯವರು ಹೇಳಿದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ, ಜಾಗ ಬೇಕಾಗಿತ್ತು. ದೊಡ್ಡಪ್ಪನವರು ಏನೂ ಹೇಳಲಿಲ್ಲ. ಅವರಿಗೆ ಎಪ್ಪತ್ತೆರಡು ವರ್ಷ. ಎರಡು ವರ್ಷದಿಂದ ಕೈನಡುಕ. ಚಹದ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವರು ಪಾನಾ ಹಿಡಿಯುವುದೆಂತು? ಹೀಗಾಗಿ ಕೈ ನನ್ನದು, ಕಣ್ಣು ಕಿವಿ ಅವರದು ಎಂಬ ಒಪ್ಪಂದವಾಯಿತು. ನಮಗೆ ಐದು ತಿಂಗಳ ಕಾಲಾವಕಾಶವಿತ್ತು.

ಮುಂದಿನ ಮಾತುಗಳು ಅರ್ಥವಾಗಬೇಕಾದರೆ ಇಂಜಿನ್ನಿನ ತತ್ತ್ವವನ್ನು ಕೊಂಚ ತಿಳಿದಿರಬೇಕು. ಜಾವಾದ ಇಂಜಿನ್ನು ಎರಡು ಹೊಡೆತದ್ದು, ಎಂದರೆ ಟೂ-ಸ್ಟ್ರೋಕ್. ಇದರಲ್ಲಿ ಇರುವುದು ಒಂದೇ ಸಿಲಿಂಡರು. ಅದರ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂಟಿಮೀಟರು ಬರುತ್ತದೆ. ಹೊಗೆ ಹೊರಹೋಗಲು ಎರಡು ಕಿಂಡಿ, ಎರಡು ಕೊಳವೆ, ಎರಡು ಸೈಲೆನ್ಸರು ಇರುವುದರಿಂದ ಇದಕ್ಕೆ ಎರಡು ಸಿಲಿಂಡರುಗಳಿವೆಯೆಂದು ವಾದಿಸುವವರನ್ನು ನಾನು ನಮ್ಮ ಕಾಲೇಜಿನಲ್ಲಿಯೇ ಕಂಡಿದ್ದೇನೆ.

ಪಿಸ್ಟನ್ನು ಮೇಲೇರುವಾಗ ಅದರ ತಲೆಯ ಮೇಲಿರುವ ಪೆಟ್ರೋಲು-ಗಾಳಿಯ ಮಿಶ್ರಣ ಒತ್ತಲ್ಪಡುತ್ತದೆ. ಅದೇ ಹೊತ್ತಿನಲ್ಲಿ ಅದರ ಕೆಳಗೆ, ಕ್ರ್ಯಾಂಕು ತಿರುಗುವ ಪೆಟ್ಟಿಗೆಯಲ್ಲಿ, ಜಾಗ ಹೆಚ್ಚಾಗಿ ಕಾರ್ಬುರೇಟರಿನಿಂದ ಹೊಸ ಮಿಶ್ರಣ ಒಳಗೆ ಎಳೆಯಲ್ಪಡುತ್ತದೆ. ಪ್ಲಗ್ಗಿನ ಕಿಡಿಗೆ ಮೇಲಿನದು ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಕೆಳಗಿಳಿಯುತ್ತ ಪಿಸ್ಟನ್ನು ಮೊದಲು ಹೊಗೆಯ ಕಿಂಡಿಗಳನ್ನೂ ಅನಂತರ ಪಕ್ಕದ ಕಿಂಡಿಗಳನ್ನೂ ತೆರೆಯುತ್ತದೆ. ಕೆಳಗೆ ಒತ್ತಲ್ಪಟ್ಟಿದ್ದ ಹೊಸ ಮಿಶ್ರಣ ಪಕ್ಕದ ಕಿಂಡಿಗಳಿಂದ ಮೇಲಕ್ಕೆ ನುಗ್ಗುತ್ತದೆ. ವಾಲ್ವುಗಳಿಲ್ಲ, ಅವನ್ನು ಎತ್ತಿಳಿಸುವ ಕೀಲುಗಳಿಲ್ಲ. ನಮ್ಮ ಕುಲುಮೆಗಳಲ್ಲಿ ಕಮ್ಮಾರನು ತಿದಿ ಒತ್ತುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕ್ರ್ಯಾಂಕಿನ ಪೆಟ್ಟಿಗೆಯೇ ಇಲ್ಲಿ ತಿದಿ. ತಿದಿಗೆ ತೂತು ಬಿದ್ದರೆ ಕಮ್ಮಾರನು ಎಷ್ಟು ಬಲಶಾಲಿಯಾದರೇನು, ಬೆಂಕಿ ಏಳುವುದಿಲ್ಲ. ಈ ಹೋಲಿಕೆ ದೊಡ್ಡಪ್ಪನವರದು. ಎರಡು ಹೊಡೆತದ ಹಳೆಯ ಇಂಜಿನ್ನಿನ ಮುಕ್ಕಾಲು ಪಾಲು ರೋಗಗಳು ಈ ಒಂದು ಮಾತಿನಲ್ಲಿ ಅಡಗಿವೆ ಎಂದು ಈಗ ನನಗೆ ತೋರುತ್ತದೆ.

ಕೆಲಸವನ್ನು ಪ್ರಾರಂಭಿಸಿದ ದಿನ ನಾನು ಪಾನಾಗಳ ಪೆಟ್ಟಿಗೆಯನ್ನು ತೆರೆದೊಡನೆ ಅವರು ತಡೆದರು.

"ಪಾನಾ ಆಮೇಲೆ ಹಿಡಿ ಮಗ. ಮೊದ್ಲು ಸುತ್ತ ಒಂದ್ಸಲ ನೋಡು. ಏನೇನ್ ಕಾಣ್ತದೋ ಬರ್ಕೊ."

ಬರೆದುಕೊಂಡೆ. ಆ ಟಿಪ್ಪಣಿ ಪುಸ್ತಕ ನಾಲ್ಕು ಪುಟ ತುಂಬಿತು. ಕ್ಲಚ್ಚಿನ ನಟ್ಟಿನ ಮೇಲೆ ಉಳಿಯಿಟ್ಟು ಹೊಡೆದ ಗುರುತುಗಳಿದ್ದವು. ಅದನ್ನು ಬಿಚ್ಚುವ ಸಲಕರಣೆಯಿಲ್ಲದ ಯಾರೋ ಹಿಂದೊಮ್ಮೆ ಬಿಚ್ಚಿದ್ದಾರೆಂದು ಇದರಿಂದ ತಿಳಿಯಿತು. ಇಂಜಿನ್ನಿನ ಜೋಡಣೆಯ ಸಂದಿನಲ್ಲಿ ಕಪ್ಪು ಅಂಟು ಉಕ್ಕಿ ಒಣಗಿತ್ತು. ಎಡಗಡೆಯ ಸೈಲೆನ್ಸರಿನ ಬಾಯಿ ಹಸಿಯಾದ ಮಸಿಯಿಂದ ಕೂಡಿತ್ತು. ಗೇರಿನ ಎಣ್ಣೆಯ ಮಟ್ಟ ಇರಬೇಕಾದುದಕ್ಕಿಂತ ಬಹಳ ಕೆಳಗಿತ್ತು. ಆದರೆ ಗಾಡಿಯ ಕೆಳಗಿನ ನೆಲದಲ್ಲಿ ಎಣ್ಣೆ ಸೋರಿದ ಕಲೆಯೇ ಇರಲಿಲ್ಲ. ಈ ಕೊನೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಸೋರದ ಎಣ್ಣೆ ಎಲ್ಲಿಗೆ ಹೋಯಿತು?

ಕಿಕ್ಕರನ್ನು ತುಳಿದರೆ ಅಲುಗಲಿಲ್ಲ. ಜಾವಾದಲ್ಲಿ ಗೇರು ಹಾಕುವ ಸನ್ನೆಯೂ ಕಿಕ್ಕರೂ ಒಂದೇ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರಾಗುತ್ತದೆ. ಗೇರಿನ ಸನ್ನೆಯನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡು ಕೂಡ ಇದರಲ್ಲಿದೆ. ಅಂದಿನ ಕಾಲಕ್ಕೆ ಇದು ಸೋಜಿಗವೇ ಸರಿ. ಸಿಲಿಂಡರಿನ ತಲೆಯನ್ನು ಬಿಚ್ಚಿ ನೋಡಲಾಗಿ ಪಿಸ್ಟನ್ನು ಅರ್ಧ ದಾರಿಯಲ್ಲಿ ಹಿಡಿದುಕೊಂಡಿತ್ತು. ಸುತ್ತಲೂ ತುಕ್ಕಿನ ಉಂಗುರ. ಸಿಲಿಂಡರು ಬೀಡುಕಬ್ಬಿಣದ್ದು, ಪಿಸ್ಟನ್ನು ಅಲ್ಯೂಮಿನಿಯಮ್ಮಿನದು. ಇಂಥ ಸಂದರ್ಭದಲ್ಲಿ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆಯುವವರುಂಟು. ಹೊಡೆತವೆಲ್ಲ ಕನೆಕ್ಟಿಂಗ್ ರಾಡಿಗೂ ಕೆಳಗಿನ ಬೇರಿಂಗಿಗೂ ಇಳಿಯುತ್ತದೆ. ಪಿಸ್ಟನ್ನೇನೋ ಬಿಡುತ್ತದೆ, ಅದರ ಬದಲಿಗೆ ಬೇರಿಂಗು ಕೆಡುತ್ತದೆ. ನಾವು ಡೀಸೆಲಿಗೆ ಅಷ್ಟೇ ಇಂಜಿನ್ ಆಯಿಲ್ ಬೆರೆಸಿ ಪಿಸ್ಟನ್ನಿನ ಮೇಲೆ ತುಂಬಿದೆವು. ದಿನವೂ ಸಂಜೆ ಗಾಡಿಯನ್ನು ನಾಲ್ಕನೆಯ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಡಿದು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸುವುದು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಉಗುರಿನ ದಪ್ಪದಷ್ಟು ಸರಿಯಿತು. ಹನ್ನೊಂದನೆಯ ದಿನ ಪೂರ್ತಿ ತಿರುಗಿತು. ಈ ಹನ್ನೊಂದು ದಿನಗಳಿಗೆ ತಗುಲಿದ ಖರ್ಚು ಇನ್ನೂರು ರೂಪಾಯಿಗೂ ಕಡಿಮೆ.

ಸಿಲಿಂಡರನ್ನು ಮೇಲೆತ್ತಿದಾಗ ಪಿಸ್ಟನ್ನಿನ ತಲೆಯ ಮೇಲಿನ ಮಸಿಯನ್ನು ಮರದ ಚಕ್ಕೆಯಿಂದ ಹೆರೆದೆ. ಅದರ ಕೆಳಗೆ 65.50 ಎಂಬ ಅಂಕೆ ಕಾಣಿಸಿತು. ಇತಿಹಾಸದ ವಿದ್ಯಾರ್ಥಿಗೆ ಶಾಸನ ಸಿಕ್ಕಷ್ಟೇ ಸಂತೋಷವಾಯಿತು. ಮೂಲದ ಅಳತೆ 65. ಸಿಲಿಂಡರು ಸವೆದಾಗಲೆಲ್ಲ ಕಾಲು ಕಾಲು ಮಿಲಿಮೀಟರು ಕೊರೆದು ದೊಡ್ಡದು ಮಾಡಿ ಅದಕ್ಕೆ ಒಪ್ಪುವ ಪಿಸ್ಟನ್ನು ಹಾಕುವುದು ವಾಡಿಕೆ. ಆದ್ದರಿಂದ ಈ ಸಿಲಿಂಡರು ಹಿಂದೆಯೇ ಕೊರೆಸಿಕೊಂಡದ್ದು. ಇನ್ನು ಒಂದೆರಡು ಸಲ ಮಾತ್ರ ಕೊರೆಯಲು ಅದರ ಗೋಡೆಯಲ್ಲಿ ದಪ್ಪ ಉಳಿದಿತ್ತು. ತುಕ್ಕು ತಿಂದ ಗುಳಿಗಳಿದ್ದುದರಿಂದ ಕೊರೆಸದೆ ಗತಿಯಿರಲಿಲ್ಲ. ಮೈಸೂರಿನ ಬೋರಿಂಗ್ ಅಂಗಡಿಯಲ್ಲಿ 65.75ಕ್ಕೆ ಕೊರೆಸಿದೆವು. ಹೊಸ ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನು ಅಂಗಡಿಯವರ ಕೈಗೆ ಕೊಟ್ಟು, ಅದರ ಅಳತೆಗೆ ಸರಿಯಾಗಿ ಕೊರೆಯಿರೆಂದು ಕೇಳಬೇಕು. ಕೊರೆಸಿದ ಮೇಲೆ ಪಿಸ್ಟನ್ನು ಹುಡುಕಲು ಹೊರಡಬಾರದು. ಕೊರೆದು ಬಂದ ಮೇಲೆ ಕಿಂಡಿಗಳ ಅಂಚನ್ನು ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿ ಚೂಪು ತೆಗೆಯಬೇಕು. ಇಲ್ಲದಿದ್ದರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ.

ಈ ಹಂತದಲ್ಲಿ ಒಂದು ವಾದ ನಡೆಯಿತು. ಪೇಟೆಯ ಒಬ್ಬ ಮೆಕ್ಯಾನಿಕ್ಕರು ಸದ್ಭಾವದಿಂದಲೇ ಹೇಳಿದರು: ಕನೆಕ್ಟಿಂಗ್ ರಾಡಿನಿಂದ ಹಿಡಿದು ಗೇರುಗಳವರೆಗೆ ಎಲ್ಲವನ್ನೂ ಹೊಸದಾಗಿ ಹಾಕಿಬಿಡಿ, ತಲೆನೋವು ಇರುವುದಿಲ್ಲ ಎಂದು. ಅವರು ಹೇಳಿದ ಮೊತ್ತ ನನ್ನ ಎರಡು ವರ್ಷದ ಕಾಲೇಜು ಶುಲ್ಕಕ್ಕಿಂತ ಹೆಚ್ಚಾಗಿತ್ತು. ನನಗೆ ಮನಸ್ಸು ಅತ್ತಿತ್ತ ಆಯಿತು. ದೊಡ್ಡಪ್ಪನವರು ರಾಡನ್ನು ಹಿಡಿದು ನೋಡು ಎಂದರು. ನಡುಗುವ ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟು, ಎಷ್ಟು ಬಲದಿಂದ ಎಳೆಯಬೇಕೆಂದು ತೋರಿಸಿದರು. ರಾಡು ಪಕ್ಕಕ್ಕೆ ಸ್ವಲ್ಪ ಅಲುಗಬಹುದು, ಅದು ದೋಷವಲ್ಲ. ಮೇಲಕ್ಕೂ ಕೆಳಕ್ಕೂ ಅಲುಗಿ ಟಕ್ಕೆಂದರೆ ಅದು ಸವೆದಿದೆ. ನಮ್ಮದು ಮೇಲೆ ಕೆಳಗೆ ಅಲುಗಲಿಲ್ಲ. ಜಾವಾದ ಕ್ರ್ಯಾಂಕು ಹಲವು ತುಂಡುಗಳನ್ನು ಯಂತ್ರದಿಂದ ಒತ್ತಿ ಜೋಡಿಸಿದ್ದು. ಅದನ್ನು ಬಿಚ್ಚಿದ ಮೇಲೆ ಮತ್ತೆ ನೇರವಾಗಿ ಕೂಡಿಸಲು ಒತ್ತುವ ಯಂತ್ರವೂ, ಲೇತಿನ ಎರಡು ಮೊನೆಗಳ ನಡುವೆ ತಿರುಗಿಸಿ ನೋಡುವ ಗೇಜೂ, ಎಲ್ಲಕ್ಕಿಂತ ಮಿಗಿಲಾಗಿ ಅಭ್ಯಾಸವಾದ ಕೈಯೂ ಬೇಕು.

"ಚೆನ್ನಾಗಿರೋದನ್ನ ಬಿಚ್ಚಿದ್ರೆ ಅದು ರಿಪೇರಿ ಅಲ್ಲ ಕಣೋ, ಅದು ಹೊಸ ಕಾಯಿಲೆ" ಎಂದರು. ಕ್ರ್ಯಾಂಕನ್ನು ಮುಟ್ಟಲಿಲ್ಲ. ಗೇರುಗಳ ಹಲ್ಲುಗಳನ್ನು ಒಂದೊಂದಾಗಿ ನೋಡಿ ಹಾಗೆಯೇ ಬಿಟ್ಟೆವು.

ಬದಲಾಯಿಸಲೇಬೇಕಾಗಿದ್ದುದು ಆಯಿಲ್ ಸೀಲುಗಳು. ಸೋರದ ಎಣ್ಣೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕ್ರ್ಯಾಂಕಿನ ಎರಡು ತುದಿಗಳೂ ಪೆಟ್ಟಿಗೆಯಿಂದ ಹೊರಕ್ಕೆ ಚಾಚಿವೆ. ಅಲ್ಲಿ ಗಾಳಿ ನುಸುಳದಂತೆ ರಬ್ಬರಿನ ಸೀಲುಗಳಿವೆ. ಬಲಗಡೆಯ ಸೀಲಿನಾಚೆ ಡೈನಮೋ. ಆ ಸೀಲು ಕೆಟ್ಟರೆ ಹೊರಗಿನ ಗಾಳಿ ಒಳಗೆ ಬಂದು ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ, ಇಂಜಿನ್ನು ಕಾದು ಪಿಸ್ಟನ್ನು ಹಿಡಿಯುತ್ತದೆ. ಎಡಗಡೆಯ ಸೀಲಿನಾಚೆ ಕ್ಲಚ್ಚಿನ ಚೈನು ಮುಳುಗಿರುವ ಎಣ್ಣೆ. ಗೇರಿನ ಎಣ್ಣೆಯೂ ಅದೇ. ಆ ಸೀಲು ಕೆಟ್ಟರೆ ಪಿಸ್ಟನ್ನು ಮೇಲೇರಿದಾಗಲೆಲ್ಲ ತಿದಿಯು ಗಾಳಿಯ ಬದಲು ಗೇರಿನ ಎಣ್ಣೆಯನ್ನು ಹೀರಿ ಸುಡುತ್ತದೆ. ದಟ್ಟವಾದ ಬಿಳಿ ಹೊಗೆ, ಹಸಿ ಮಸಿ, ಇಳಿಯುವ ಎಣ್ಣೆ, ಒಣ ನೆಲ. 2006ರಲ್ಲಿ ಗಾಡಿ ನಿಲ್ಲುವುದಕ್ಕೆ ಮೊದಲು ಒಂದು ವರ್ಷದಿಂದ ಹೊಗೆ ವಿಪರೀತವಾಗಿತ್ತೆಂದು ನಮ್ಮಮ್ಮ ನೆನಪಿಸಿಕೊಂಡರು. ಆಗ ಒಂದು ಕಡೆ ರಿಂಗು ಬದಲಿಸಿ ಹಣ ಪಡೆದು ಕಳಿಸಿದ್ದರಂತೆ. ಹೊಗೆ ಬರುವುದು ರಿಂಗಿನಿಂದಲ್ಲವೆಂದು ಎಣ್ಣೆಯ ಮಟ್ಟ ನೋಡಿದ್ದರೆ ತಿಳಿಯುತ್ತಿತ್ತು. ಒಂದು ಸೀಲಿನ ಬೆಲೆ ಒಂದು ಊಟದ ಬೆಲೆ. ಅಷ್ಟಕ್ಕಾಗಿ ಒಂದು ಗಾಡಿ ಹದಿನೆಂಟು ವರ್ಷ ಕತ್ತಲಲ್ಲಿ ಕುಳಿತಿತ್ತು.

ಸೀಲುಗಳನ್ನು ತಲಪಲು ಇಂಜಿನ್ನಿನ ಎರಡು ಹೋಳುಗಳನ್ನು ಬೇರ್ಪಡಿಸಬೇಕಾಯಿತು. ಇಲ್ಲೊಂದು ಎಚ್ಚರಿಕೆ ಅವಶ್ಯ. ಸಂದಿಗೆ ಸ್ಕ್ರೂಡ್ರೈವರು ತೂರಿಸಿ ಮೀಟಬಾರದು. ಆ ನುಣುಪಾದ ಅಂಚಿನ ಮೇಲೆ ಒಂದು ಗೀರು ಬಿದ್ದರೂ ತಿದಿಗೆ ತೂತಾದಂತೆಯೇ. ಹಿಂದಿನವರು ಕಪ್ಪು ಅಂಟನ್ನು ಧಾರಾಳವಾಗಿ ಮೆತ್ತಿದ್ದುದು ಇಂಥ ಗೀರುಗಳನ್ನು ಮುಚ್ಚಲು. ಇನ್ನು ಬೇರಿಂಗುಗಳನ್ನು ತೆಗೆಯುವ ಕ್ರಮ. ಉಕ್ಕಿನ ಬೇರಿಂಗು ಅಲ್ಯೂಮಿನಿಯಮ್ಮಿನ ಕುಳಿಯಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಹೊಡೆದರೆ ಕುಳಿ ಕೆಡುತ್ತದೆ. ಆದರೆ ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 62 ಮಿಲಿಮೀಟರು ವ್ಯಾಸದ ಕುಳಿಯನ್ನು ಕೋಣೆಯ ಶಾಖಕ್ಕಿಂತ 75 ಡಿಗ್ರಿ ಹೆಚ್ಚು ಕಾಯಿಸಿದರೆ ಕುಳಿ 0.11 ಮಿಲಿಮೀಟರಿನಷ್ಟು ಹಿಗ್ಗುತ್ತದೆ, ಬೇರಿಂಗು 0.06ರಷ್ಟು. ಉಳಿಯುವ ಅಂತರ 0.05 ಮಿಲಿಮೀಟರು, ತಲೆಗೂದಲಿಗಿಂತ ತೆಳ್ಳಗಿನದು. ಅಷ್ಟು ಸಾಕು. ಹಬ್ಬಕ್ಕೆ ನೀರು ಕಾಯಿಸುವ ಹಂಡೆಯಲ್ಲಿ ಇಂಜಿನ್ನಿನ ಹೋಳನ್ನು ಕುದಿಸಿ, ಗೋಣಿಯ ಮೇಲೆ ಮಗುಚಿ ಹಿಡಿದರೆ ಬೇರಿಂಗು ತಾನಾಗಿ ಕಳಚಿ ಬಿದ್ದಿತು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ಯುವ ನಮ್ಮ ಬಡಗಿಗಳೂ ಕಮ್ಮಾರರೂ ಈ ತತ್ತ್ವವನ್ನು ಯಾವ ಪುಸ್ತಕದಿಂದ ಓದಿದ್ದರು? ಹಂಡೆಯನ್ನು ಮತ್ತೆ ಹೊಳೆಯುವಂತೆ ಬೆಳಗಿಕೊಟ್ಟ ಮೇಲೆಯೇ ಅಮ್ಮ ನನ್ನೊಡನೆ ಮಾತನಾಡಿದ್ದು.

ಕ್ಲಚ್ಚಿನ ತಟ್ಟೆಗಳಲ್ಲಿ ಬೆಂಡಿನ ಬಿಲ್ಲೆಗಳಿರುತ್ತವೆ, ಎಂದರೆ ಕಾರ್ಕು. ಅವು ಒಣಗಿ ಸುಕ್ಕಾಗಿದ್ದವು. ಉದುರಿದ್ದನ್ನು ಬದಲಿಸಿ, ಇಡೀ ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ ಜೋಡಿಸಿದೆ. ಚಕ್ರ, ಟೈರು, ತಂತಿಗಳ ವಿಷಯದಲ್ಲಿ ಹೇಳುವಂಥ ವಿಶೇಷವಿಲ್ಲ. ಹದಿನೆಂಟು ವರ್ಷ ನಿಂತ ಟೈರು ನೋಡಲು ಎಷ್ಟು ಚೆನ್ನಾಗಿದ್ದರೂ ಬಿಸಾಡಬೇಕು. ಬ್ರೇಕಿನ ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ಪುಡಿಯನ್ನು ಬಾಯಿಂದ ಊದುವುದು ಶ್ವಾಸಕೋಶಕ್ಕೆ ಅಪಾಯ; ಒದ್ದೆ ಬಟ್ಟೆಯಿಂದ ಒರಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಈ ಒಂದು ಮಾತು ದೊಡ್ಡಪ್ಪನವರಿಗೆ ಹೊಸದಾಗಿತ್ತು. ಅವರ ಕಾಲದಲ್ಲಿ ಎಲ್ಲರೂ ಊದುತ್ತಿದ್ದರಂತೆ.

ಕಿಡಿಯ ವಿಷಯ ಕೊಂಚ ಸೂಕ್ಷ್ಮ. ಈ ಗಾಡಿಯ ಕಿಡಿಗೆ 6 ವೋಲ್ಟಿನ ಬ್ಯಾಟರಿಯೇ ಮೂಲ. ಬ್ಯಾಟರಿ ಸತ್ತಿದ್ದರೆ ಇಂಜಿನ್ನು ಎಷ್ಟೇ ಸರಿಯಿದ್ದರೂ ಹೊತ್ತುವುದಿಲ್ಲ. ಬ್ಯಾಟರಿಯ ಕರೆಂಟು ಕಾಯಿಲಿನ ಮೂಲಕ ಹರಿದು ಪಾಯಿಂಟಿನಲ್ಲಿ ಮುಗಿಯುತ್ತದೆ. ಪಾಯಿಂಟು ತೆರೆದ ಕ್ಷಣದಲ್ಲಿಯೇ ಪ್ಲಗ್ಗಿನಲ್ಲಿ ಕಿಡಿ. ಪಾಯಿಂಟಿನ ಸಂದು 0.4 ಮಿಲಿಮೀಟರು. ಪಿಸ್ಟನ್ನು ತುತ್ತತುದಿಗೆ ಏರಲು ಸುಮಾರು 3 ಮಿಲಿಮೀಟರು ಉಳಿದಿರುವಾಗ ಅದು ತೆರೆಯಬೇಕು. ಇದನ್ನು ಕಂಡುಹಿಡಿಯಲು ಪ್ಲಗ್ಗಿನ ತೂತಿನಲ್ಲಿ ವರ್ನಿಯರಿನ ಕಡ್ಡಿಯನ್ನು ಇಳಿಬಿಟ್ಟು ಪಿಸ್ಟನ್ನಿನ ಎತ್ತರವನ್ನು ಅಳೆದೆ. ಪಾಯಿಂಟಿಗೂ ಇಂಜಿನ್ನಿನ ಮೈಗೂ ನಡುವೆ ಒಂದು ಚಿಕ್ಕ ಬಲ್ಬು ಕಟ್ಟಿದೆ. ಪಾಯಿಂಟು ಮುಚ್ಚಿರುವವರೆಗೆ ಬಲ್ಬು ಆರಿರುತ್ತದೆ, ತೆರೆದೊಡನೆ ಮಿಣುಕುತ್ತದೆ. ಬಲ್ಬಿಲ್ಲದ ಕಾಲದಲ್ಲಿ ತೆಳು ಕಾಗದದ ಚೂರನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಅದು ಯಾವಾಗ ಸಡಿಲವಾಗುವುದೆಂದು ಬೆರಳಿನಲ್ಲಿ ನೋಡುತ್ತಿದ್ದರಂತೆ. ಎರಡೂ ರೀತಿಯಿಂದ ನೋಡಿದೆವು, ಹೊಂದಿಕೆಯಾಯಿತು. ಪಾಯಿಂಟಿನಲ್ಲಿಯೇ ದೊಡ್ಡ ಕಿಡಿ ಹಾರಿ ಪ್ಲಗ್ಗಿನಲ್ಲಿ ಬಡಕಲಾಗಿದ್ದರೆ ಕಂಡೆನ್ಸರು ಹೋಗಿದೆಯೆಂದು ತಿಳಿಯಬೇಕು. ನಮ್ಮದು ಹೋಗಿತ್ತು.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು. ಹಿತ್ತಾಳೆಯ ಕಿಲುಬಿಗೆ ಹುಣಸೆಹಣ್ಣು ಮದ್ದಾಗುವಂತೆ ಕಬ್ಬಿಣದ ತುಕ್ಕಿಗೂ ಹುಳಿಯೇ ಮದ್ದು. ವಿನಿಗರು ತುಂಬಿ ಎರಡು ದಿನ ಇಟ್ಟು, ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಅಡುಗೆ ಸೋಡದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಕೂಡಲೇ ಎಣ್ಣೆ ಸವರಿದೆವು. ಕೂಡಲೇ ಎಂಬುದು ಮುಖ್ಯ. ತೊಳೆದ ಕಬ್ಬಿಣ ಒಂದು ಹೊತ್ತಿನಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಪೆಟ್ರೋಲಿದ್ದ ಟ್ಯಾಂಕು ಖಾಲಿಯಾದ ಮೇಲೂ ಅದರಲ್ಲಿ ಆವಿ ಉಳಿದಿರುತ್ತದೆ. ಅದರ ಬಳಿ ಬೆಂಕಿಯಾಗಲಿ ವೆಲ್ಡಿಂಗಾಗಲಿ ಕೂಡದು.

ಬಣ್ಣದ ಪ್ರಶ್ನೆ ಬಂದಾಗ ಮನೆಯವರೆಲ್ಲರೂ ಒಂದು ಪಕ್ಷವಾದರು. ಇಷ್ಟೆಲ್ಲ ಮಾಡಿದ ಮೇಲೆ ಹೊಸ ಕೆಂಪು ಬಣ್ಣ ಹೊಡೆಸಬಾರದೇ, ನೋಡುವವರು ಏನೆಂದಾರು ಎಂದು ನಮ್ಮ ಭಾವನವರೂ ಕೇಳಿದರು. ಗಾಡಿಯ ಮೂಲದ ಕಡುಗೆಂಪು ಅಲ್ಲಲ್ಲಿ ಹೋಗಿದೆ. ತೊಡೆ ತಾಗುವ ಕಡೆ ಟ್ಯಾಂಕಿನ ಹೊಳಪು ಸವೆದಿದೆ. ಅದರ ಮೇಲಿನ ಚಿನ್ನದ ಬಣ್ಣದ ಗೆರೆ ಎರಡು ಕಡೆಯೂ ಒಂದೇ ದಪ್ಪವಾಗಿಲ್ಲ; ತಿರುವಿನಲ್ಲಿ ಕುಂಚ ಎತ್ತಿ ಮತ್ತೆ ಇಟ್ಟ ಗುರುತು ಕಾಣುತ್ತದೆ. 1969ರಲ್ಲಿ ಯಾರೋ ಒಬ್ಬರು ಉಸಿರು ಹಿಡಿದು ಎಳೆದ ಗೆರೆ ಅದು. ಅದನ್ನು ಉಜ್ಜಿ ತೆಗೆದು ಅಂಗಡಿಯ ಸ್ಟಿಕ್ಕರು ಅಂಟಿಸುವುದು ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದಂತೆಯೇ ಎಂದು ನಾನು ವಾದಿಸಿದೆ. ಸೋಪಿನ ನೀರಿನಿಂದ ತೊಳೆದು, ಮೇಣ ಹಾಕಿ ತಿಕ್ಕಿ, ತುಕ್ಕು ಎದ್ದ ಕಡೆ ಮಾತ್ರ ಉಪ್ಪುಕಾಗದ ಹಾಕಿ ಬಣ್ಣದ ಚುಕ್ಕೆ ಇಟ್ಟೆವು. ದೊಡ್ಡಪ್ಪನವರು ಈ ವಾದದಲ್ಲಿ ಬಾಯಿ ಹಾಕಲಿಲ್ಲ. ಆದರೆ ಮೇಣ ಹಾಕಿ ತಿಕ್ಕುವ ಕೆಲಸಕ್ಕೆ ಕೈನಡುಕ ಅಡ್ಡಿಯಾಗುವುದಿಲ್ಲವೆಂದು ಹೇಳಿ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಆ ಕೆಲಸ ಮಾಡಿದರು.

ಯುಗಾದಿಗೆ ಹದಿನಾರು ದಿನ ಉಳಿದಿತ್ತು. ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲು ತುಳುಕಿಸಿ ಕಿಕ್ ಮಾಡತೊಡಗಿದೆ. ಏಳನೆಯದಕ್ಕೆ ಒಂದು ಕೆಮ್ಮು. ಒಂಬತ್ತು, ಹತ್ತು, ಏನೂ ಇಲ್ಲ. ದೊಡ್ಡಪ್ಪನವರು ಸ್ವಲ್ಪ ಬಿಡು, ಪ್ಲಗ್ ಒರಸು ಎಂದರು. ಒರಸಿ ಹಾಕಿ ಮತ್ತೆ ತುಳಿದೊಡನೆ ಹೊತ್ತಿಕೊಂಡಿತು. ಅಂಗಳವೆಲ್ಲ ಹೊಗೆ. ನನಗೆ ಎದೆ ಧಸಕ್ಕೆಂದಿತು. ಬಿಳಿ ಹೊಗೆ ಬಂದರೆ ಸೀಲು ಕೆಟ್ಟಿದೆಯೆಂದು ಇದೀಗ ತಾನೇ ಕಲಿತವನಲ್ಲವೇ? ಅವರು ಎರಡು ಸೈಲೆನ್ಸರುಗಳ ಬಾಯಿಗೂ ಒಂದೊಂದು ಅಂಗೈ ಒಡ್ಡಿ, ತಲೆ ಓರೆ ಮಾಡಿಕೊಂಡು ನಿಂತರು. "ಜೋಡಿಸುವಾಗ ಸವರಿದ ಎಣ್ಣೆ ಉರೀತಿದೆ, ನಾಲ್ಕು ನಿಮಿಷ ನೋಡು" ಎಂದರು. ಐದನೆಯ ನಿಮಿಷಕ್ಕೆ ಹೊಗೆ ತಿಳಿಯಾಯಿತು. ಎರಡು ಕೊಳವೆಗಳಲ್ಲಿಯೂ ಉಸಿರು ಸಮವಾಗಿದೆಯೆಂದು ಹೇಳಿ, ಮಸಿಯಾದ ಕೈಗಳನ್ನು ಪಂಚೆಗೆ ಒರಸಿಕೊಂಡರು. ನನ್ನ ತಂದೆಯವರು ಜಗಲಿಯ ಮೇಲಿಂದ ಎದ್ದು ಬಂದು, ಗಾಡಿ ನಿಲ್ಲಿಸಲು ಮುಂದಿನ ಚಾವಡಿಯಲ್ಲಿ ಜಾಗ ಮಾಡಬಹುದೆಂದು ಮಾತ್ರ ಹೇಳಿದರು.

ಇಂಥ ಗಾಡಿಯನ್ನು ಇಂದು ಓಡಿಸುವವರು ತಿಳಿದಿರಬೇಕಾದ ಎರಡು ವಿಷಯಗಳಿವೆ. ಈ ಇಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಹೊಸದಾಗಿ ಕೊರೆಸಿದ ಸಿಲಿಂಡರಿಗೆ ನಾವು ಲೀಟರಿಗೆ 50 ಮಿಲಿಲೀಟರು, ಪಳಗಿದ ಮೇಲೆ 40 ಹಾಕುತ್ತೇವೆ. ಆದರೆ 2025ರ ವೇಳೆಗೆ ನಮ್ಮ ದೇಶದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲು ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. ಎಥನಾಲು ಗಾಳಿಯಿಂದ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರಿನ ಕೊಳವೆ, ವಾಷರುಗಳನ್ನು ಅದು ಮೆತ್ತಗಾಗಿಸುತ್ತದೆ. ಆದ್ದರಿಂದ ಅವನ್ನು ಎಥನಾಲಿಗೆ ತಡೆಯುವಂಥವಕ್ಕೆ ಬದಲಿಸಬೇಕು. ಟ್ಯಾಂಕಿನಲ್ಲಿ ಮಿಶ್ರಣವನ್ನು ವಾರಗಟ್ಟಲೆ ಬಿಡಬಾರದು. ನಿಲ್ಲಿಸುವ ಮೊದಲು ನಲ್ಲಿ ಮುಚ್ಚಿ ಕಾರ್ಬುರೇಟರು ಖಾಲಿಯಾಗುವವರೆಗೆ ಓಡಿಸಬೇಕು.

ಎರಡನೆಯದು ಕಾಗದಪತ್ರ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಾರಿಗೆ ಕಚೇರಿಗೆ ಗಾಡಿಯನ್ನೇ ಒಯ್ದು ತೋರಿಸಬೇಕು. ಛಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಭಾಗವನ್ನು ಬಣ್ಣದಿಂದ ಮುಚ್ಚದಿರುವುದು ಇದಕ್ಕಾಗಿಯೂ ಒಳ್ಳೆಯದು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೊಂದು ನಿಯಮ ಮಾಡಿದೆ. ಅದರಂತೆ 'ವಿ ಎ' ಎಂಬ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಹಾಗೆ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮಗೆ ಓಡಾಟವೇ ಬೇಕಾದುದರಿಂದ ಸಾಮಾನ್ಯ ನವೀಕರಣಕ್ಕೆ ಅರ್ಜಿ ಹಾಕಿದ್ದೇವೆ.

ಡೈನಮೋ ಇನ್ನೂ ಸಾಕಷ್ಟು ಕರೆಂಟು ಕೊಡುತ್ತಿಲ್ಲ. ಬ್ರಷ್ಷುಗಳು ಸರಿಯಿವೆ, ರೆಗ್ಯುಲೇಟರಿನ ಮೇಲೆ ಸಂಶಯ. ಅದನ್ನು ಬಿಚ್ಚುವ ಮೊದಲು ಡೈನಮೋವನ್ನು ಮಾತ್ರ ಪ್ರತ್ಯೇಕಿಸಿ ಅಳೆಯಬೇಕೆಂದು ದೊಡ್ಡಪ್ಪನವರು ಹೇಳಿದ್ದಾರೆ. ಪರೀಕ್ಷೆಗಳು ಮುಗಿದ ಮೇಲೆ ಆ ಕೆಲಸ. ಅಲ್ಲಿಯವರೆಗೆ ಬ್ಯಾಟರಿಯನ್ನು ವಾರಕ್ಕೊಮ್ಮೆ ಬಿಚ್ಚಿ ಮನೆಯಲ್ಲಿ ಚಾರ್ಜು ಮಾಡುತ್ತಿದ್ದೇನೆ.